ರೋಡ್ ಇನ್‌ಸ್ಪೆಕ್ಟರ್ ಕಟ್ಟಿದ ಗುಟ್ಟಿನ ರಾಜ್ಯ

ಗುಜರಿ ಅಂಗಡಿಗೆ ಹೋದಾಗ ಹಳೆಯ ಸೈಕಲ್ ಸೀಟೊಂದನ್ನು ಕೈಗೆತ್ತಿಕೊಳ್ಳಿ. ಚೂಪು ತುದಿ ಕೆಳಗೆ ಬರುವಂತೆ ಹಿಡಿದು ನೋಡಿ. ದನದ ಮುಖ ಕಾಣುತ್ತದೆ. ಮೇಲೊಂದು ಹ್ಯಾಂಡಲ್ ಇಟ್ಟರೆ ಕೊಂಬೂ ಬಂತು. ಪಿಕಾಸೋ 1942ರಲ್ಲಿ ಇಷ್ಟನ್ನೇ ಮಾಡಿ ಅದಕ್ಕೆ ಗೂಳಿಯ ತಲೆ ಎಂದು ಹೆಸರಿಟ್ಟ. ಕಲೆಯ ಪುಸ್ತಕಗಳಲ್ಲೆಲ್ಲ ಅದರ ಚಿತ್ರ ಅಚ್ಚಾಗಿದೆ. ನಮ್ಮ ದೇಶದಲ್ಲೂ ಒಬ್ಬರಿಗೆ ಸೈಕಲ್ಲಿನಲ್ಲಿ ಪ್ರಾಣಿಗಳು ಕಂಡವು. ಅವರು ಒಂದು ತಲೆಗೇ ನಿಲ್ಲಿಸಲಿಲ್ಲ. ಸೈಕಲ್ಲಿನ ಚೌಕಟ್ಟು ಮೈಯಾಯಿತು, ಮುಂಗಾಲಿಯ ಫೋರ್ಕು ಕಾಲಾಯಿತು, ಸೀಟು ಮುಖವಾಯಿತು. ಹಿಂಡು ಹಿಂಡಾಗಿ ಪ್ರಾಣಿಗಳು, ಸಾಲು ಸಾಲಾಗಿ ಹೆಂಗಸರು ಗಂಡಸರು, ಅವರಿಗೊಬ್ಬ ರಾಜ, ರಾಜನಿಗೊಂದು ಆಸ್ಥಾನ ಎಲ್ಲವೂ ಹುಟ್ಟಿಕೊಂಡವು. ಇಷ್ಟೆಲ್ಲ ಆಗುವವರೆಗೆ ಸರ್ಕಾರಕ್ಕೆ ಸುಳಿವೇ ಇರಲಿಲ್ಲ. ಹಾಗೆಂದು ಜಾಗ ಊರಾಚೆ ಎಲ್ಲೋ ಇದ್ದದ್ದಲ್ಲ. ವಿಧಾನಸಭೆ, ಸಚಿವಾಲಯ, ಹೈಕೋರ್ಟುಗಳ ಕೂಗಳತೆಯಲ್ಲೇ ಇತ್ತು!

ಊರು ಚಂಡೀಗಢ. ಕಟ್ಟಿದವರು ನೇಕ್ ಚಂದ್. ಉದ್ಯೋಗ: ಲೋಕೋಪಯೋಗಿ ಇಲಾಖೆಯಲ್ಲಿ ರೋಡ್ ಇನ್‌ಸ್ಪೆಕ್ಟರ್.

ಇದೆಂಥ ಸಾಹಸ ಎಂದು ತಿಳಿಯಬೇಕಾದರೆ ಚಂಡೀಗಢ ಎಂಥ ಊರು ಎಂಬುದನ್ನು ಮೊದಲು ತಿಳಿಯಬೇಕು. 1947ರಲ್ಲಿ ದೇಶ ಇಬ್ಭಾಗವಾದಾಗ ಪಂಜಾಬಿನ ರಾಜಧಾನಿ ಲಾಹೋರ್ ಪಾಕಿಸ್ತಾನಕ್ಕೆ ಹೋಯಿತು. ಈಚೆ ಉಳಿದ ಪಂಜಾಬಿಗೆ ಹೊಸ ರಾಜಧಾನಿ ಬೇಕಾಯಿತು. ಇದ್ದ ಊರನ್ನೇ ಬೆಳೆಸುವ ಬದಲು, ಶಿವಾಲಿಕ್ ಬೆಟ್ಟಗಳ ತಪ್ಪಲಿನಲ್ಲಿ ಹೊಸದಾಗಿಯೇ ಒಂದು ನಗರ ಕಟ್ಟುವುದೆಂದು ತೀರ್ಮಾನವಾಯಿತು. ಫ್ರಾನ್ಸಿನ ಹೆಸರಾಂತ ವಾಸ್ತುಶಿಲ್ಪಿ ಲ ಕಾರ್ಬೂಸಿಯೇ 1951ರಲ್ಲಿ ನಕ್ಷೆಗೆ ಕುಳಿತರು. ಅಳತೆಪಟ್ಟಿ ಇಟ್ಟು ಗೆರೆ ಎಳೆದಂಥ ಊರು ಅದು. 1200 ಮೀಟರ್ ಉದ್ದ, 800 ಮೀಟರ್ ಅಗಲದ ಸೆಕ್ಟರುಗಳು. ರಸ್ತೆಗಳಲ್ಲಿ ಏಳು ದರ್ಜೆ. ಹೆದ್ದಾರಿಗೆ ಒಂದು ಲೆಕ್ಕ, ಮನೆ ಮುಂದಿನ ಹಾದಿಗೆ ಇನ್ನೊಂದು ಲೆಕ್ಕ. ಯಾವ ಬೀದಿಯಲ್ಲಿ ಯಾವ ಮರ ನೆಡಬೇಕೆಂಬುದೂ ಮೊದಲೇ ಗೊತ್ತು.

ಕಾರ್ಬೂಸಿಯೇ ಊರಿಗೊಂದು ಕಟ್ಟಳೆಯನ್ನೂ ಬರೆದಿಟ್ಟರು. ಅದರಲ್ಲಿ ನಮ್ಮ ಊರುಗಳಿಗೆ ತೀರಾ ವಿಚಿತ್ರ ಎನಿಸುವ ಮಾತೊಂದಿದೆ. ಚಂಡೀಗಢದ ಬೀದಿಯಲ್ಲಾಗಲಿ ಪಾರ್ಕಿನಲ್ಲಾಗಲಿ ಯಾವ ವ್ಯಕ್ತಿಯ ಪ್ರತಿಮೆಯನ್ನೂ ನಿಲ್ಲಿಸಕೂಡದು! ಯಾರನ್ನಾದರೂ ನೆನೆಯಬೇಕಿದ್ದರೆ ಕಂಚಿನ ಫಲಕವೊಂದನ್ನು ಹಾಕಿದರೆ ಸಾಕು. ಸರ್ಕಲ್ಲಿಗೊಂದು ಪ್ರತಿಮೆ, ಪ್ರತಿಮೆಗೊಂದು ಕಬ್ಬಿಣದ ಬೇಲಿ, ಜಯಂತಿಯ ದಿನ ಹಾರ ಹಾಕಲು ಏಣಿ – ಇವೆಲ್ಲ ಆ ಊರಿಗೆ ಬೇಡವೆಂದು ಮೊದಲೇ ಬರೆದಿಟ್ಟಾಗಿತ್ತು. ಹೀಗೆ ಪ್ರತಿಮೆಗೆ ಬಾಗಿಲು ಹಾಕಿದ ಊರಿನ ಹಿತ್ತಿಲಲ್ಲೇ ಸಾವಿರಾರು ಪ್ರತಿಮೆಗಳು ಎದ್ದವು. ಆದರೆ ಒಂದರ ಮೇಲೂ ಯಾರ ಹೆಸರೂ ಇಲ್ಲ. ಆ ಲೆಕ್ಕದಲ್ಲಿ ಕಟ್ಟಳೆ ಮುರಿದಂತೆಯೂ ಆಗಲಿಲ್ಲ ಎನ್ನಬೇಕು.

ನೇಕ್ ಚಂದ್ ಹುಟ್ಟಿದ್ದು 1924ರಲ್ಲಿ, ಬೇರಿಯಾಂ ಕಲಾಂ ಎಂಬ ಹಳ್ಳಿಯಲ್ಲಿ. ಅದೀಗ ಪಾಕಿಸ್ತಾನದಲ್ಲಿದೆ. ಒಕ್ಕಲು ಮನೆತನ. ತಾಯಿ ಹೇಳುತ್ತಿದ್ದ ರಾಜರಾಣಿಯರ ಕಥೆ ಕೇಳಿ, ಹೊಳೆಯ ದಂಡೆಯ ಮರಳಿನಲ್ಲಿ ಅರಮನೆ ಕಟ್ಟಿ, ಒಡೆದ ಬಳೆಚೂರಿನಿಂದ ಅದನ್ನು ಸಿಂಗರಿಸಿ ಆಡುತ್ತಿದ್ದ ಹುಡುಗ. ಇಂಥ ಆಟ ಆಡದ ಮಕ್ಕಳು ಯಾವ ಊರಲ್ಲಿದ್ದಾರೆ? ವ್ಯತ್ಯಾಸವೆಂದರೆ ಇಪ್ಪತ್ತೆರಡನೆಯ ವಯಸ್ಸಿಗೆ ಆ ಹೊಳೆ, ಆ ದಂಡೆ, ಆ ಹಳ್ಳಿ ಮೂರೂ ಗಡಿಯ ಆಚೆ ಉಳಿದುಬಿಟ್ಟವು. ಲಕ್ಷಾಂತರ ಜನರಂತೆ ಆ ಕುಟುಂಬವೂ ಮನೆಮಠ ಬಿಟ್ಟು ಈಚೆಗೆ ಬಂತು. 1951ರಲ್ಲಿ, ಹೊಸ ರಾಜಧಾನಿಯ ಕೆಲಸ ಶುರುವಾಗುತ್ತಿದ್ದ ಹಾಗೆಯೇ, ನೇಕ್ ಚಂದ್ ಚಂಡೀಗಢದಲ್ಲಿ ರಸ್ತೆ ಕೆಲಸದ ಮೇಲ್ವಿಚಾರಣೆಗೆ ಸೇರಿದರು.

ಹೊಸ ಊರು ಕಟ್ಟುವುದೆಂದರೆ ಹಳೆಯದನ್ನು ಕೆಡವುವುದೂ ಹೌದು. ಚಂಡೀಗಢದ ಜಾಗ ಖಾಲಿ ಹಾಳೆಯಾಗಿರಲಿಲ್ಲ. ಇಪ್ಪತ್ತಕ್ಕೂ ಹೆಚ್ಚು ಹಳ್ಳಿಗಳಿದ್ದವು. ಹೊಲ ಗದ್ದೆ, ಮಾವಿನ ತೋಪು, ಬಾವಿಕಟ್ಟೆ, ಗುಡಿ ಎಲ್ಲವೂ ಇದ್ದವು. ಒಂದೊಂದಾಗಿ ಅವು ನೆಲಸಮವಾದವು. ನಕ್ಷೆ ಬರೆದವರಿಗೆ ಗೆರೆ ಕಂಡಿತು. ರಸ್ತೆ ಮಾಡಿಸುವವರಿಗೆ ಕಂಡದ್ದು ಆ ಗೆರೆಯ ಕೆಳಗೆ ಬಿದ್ದಿದ್ದ ಒಡೆದ ಮಡಕೆ, ಮುರಿದ ಹೆಂಚು, ಬಳೆಚೂರು, ತುಕ್ಕು ಹಿಡಿದ ಪಾತ್ರೆ. ಒಮ್ಮೆ ಊರು ಬಿಟ್ಟು ಬಂದ ಮನುಷ್ಯ ಎರಡನೆಯ ಸಲ ಊರುಗಳು ಅಳಿಯುವುದನ್ನು ನೋಡುತ್ತಿದ್ದರು. ಈ ಬಾರಿ ಇಲಾಖೆಯ ಸಂಬಳ ತೆಗೆದುಕೊಂಡು ನೋಡುತ್ತಿದ್ದರು.

1958ರ ಸುಮಾರಿಗೆ ನೇಕ್ ಚಂದ್ ಹೆಕ್ಕಲು ಶುರುಮಾಡಿದರು. ಮೊದಲು ಕಲ್ಲು. ಶಿವಾಲಿಕ್ ತಪ್ಪಲಿನ ಹೊಳೆಗಳು ಮಳೆಗಾಲ ಬಿಟ್ಟರೆ ಉಳಿದ ದಿನ ಒಣಗಿ ಬಿದ್ದಿರುತ್ತವೆ. ನೀರು ಉಜ್ಜಿ ಉಜ್ಜಿ ರೂಪ ಕೊಟ್ಟ ಕಲ್ಲುಗಳು ಹೊಳೆಯ ಪಾತ್ರದಲ್ಲಿ ಹರಡಿರುತ್ತವೆ. ಒಂದು ಕಲ್ಲು ಹಕ್ಕಿಯಂತೆ, ಒಂದು ಕುಳಿತ ಕೋತಿಯಂತೆ, ಇನ್ನೊಂದು ಮುಸುಕು ಹೊದ್ದ ಮುದುಕಿಯಂತೆ. ಕೆಲಸ ಮುಗಿದ ಮೇಲೆ ಸೈಕಲ್ ಹತ್ತಿ ಹೋಗಿ, ಕಣ್ಣಿಗೆ ಕಂಡ ಕಲ್ಲನ್ನು ಕ್ಯಾರಿಯರ್ ಮೇಲೆ ಕಟ್ಟಿಕೊಂಡು ತರುವುದು. ಹೀಗೆ ವರ್ಷಗಟ್ಟಲೆ. ಒಂದೇ ಸಲಕ್ಕೆ ಲಾರಿಯಲ್ಲಿ ತಂದು ಸುರಿದದ್ದಲ್ಲ ಎಂಬುದನ್ನು ಇಂದು ಅಲ್ಲಿಗೆ ಹೋಗಿ ರಾಶಿ ರಾಶಿ ಕಲ್ಲು ನೋಡುವವರು ನೆನಪಿಡಬೇಕು.

ಕಲ್ಲಿನ ಜೊತೆಗೆ ಊರಿನ ಕಸ. ಹೋಟೆಲುಗಳ ಒಡೆದ ಕಪ್ಪು ಬಸಿ, ಪಿಂಗಾಣಿ ಬೇಸಿನ್ನು, ಕಕ್ಕಸಿನ ಕಮೋಡು, ಕೆಟ್ಟ ಟ್ಯೂಬ್‌ಲೈಟು, ವಿದ್ಯುತ್ ತಂತಿಯ ಪಿಂಗಾಣಿ ಬಿಲ್ಲೆಗಳು, ಸೋಡಾ ಬಾಟಲಿಯ ಮುಚ್ಚಳ, ಖಾಲಿ ಡಾಂಬರು ಡ್ರಮ್ಮು, ಕಬ್ಬಿಣ ಕರಗಿಸುವಲ್ಲಿ ಉಳಿಯುವ ಕಿಟ್ಟ, ಸುಟ್ಟು ಕರಕಲಾಗಿ ಯಾರಿಗೂ ಬೇಡವಾದ ಇಟ್ಟಿಗೆ. ಕ್ಷೌರದಂಗಡಿಯ ಕೂದಲನ್ನೂ ಬಿಡಲಿಲ್ಲ! ಇಂದಿನ ಶಾಲೆಗಳಲ್ಲಿ ‘ಕಸದಿಂದ ರಸ’ ಎಂದು ಕರಕುಶಲದ ಪಾಠ ಮಾಡಿ, ಮಕ್ಕಳು ಅದಕ್ಕಾಗಿ ಅಂಗಡಿಯಿಂದ ಹೊಸ ಐಸ್‌ಕ್ರೀಂ ಕಡ್ಡಿ, ಹೊಸ ಥರ್ಮೋಕೋಲ್ ಕೊಂಡು ತರುವುದುಂಟು. ಇಲ್ಲಿ ಕೊಂಡದ್ದು ಏನೂ ಇಲ್ಲ.

ಇಷ್ಟನ್ನೂ ಇಡುವುದೆಲ್ಲಿ? ಹೈಕೋರ್ಟಿಗೂ ಸುಖ್ನಾ ಕೆರೆಗೂ ನಡುವೆ ಕುರುಚಲು ಕಾಡು ಬೆಳೆದ ಒಂದು ಕೊರಕಲು ಇತ್ತು. ಅದು ಸರ್ಕಾರದ ಸಂರಕ್ಷಿತ ಜಾಗ. ಅಲ್ಲಿ ಯಾರೂ ಏನೂ ಕಟ್ಟುವಂತಿಲ್ಲ. ಯಾರೂ ಕಟ್ಟುವಂತಿಲ್ಲ ಎಂದರೆ ಯಾರೂ ಬರುವುದಿಲ್ಲ ಎಂದೂ ಆಯಿತು. ನೇಕ್ ಚಂದ್ ಅಲ್ಲೊಂದು ಗುಡಿಸಲು ಹಾಕಿ, ತಂದದ್ದನ್ನೆಲ್ಲ ಜೋಡಿಸಿಟ್ಟರು. ಹಗಲು ಇಲಾಖೆಯ ರಸ್ತೆ, ರಾತ್ರಿ ತಮ್ಮ ರಾಜ್ಯ. ವಿದ್ಯುತ್ ದೀಪವಿಲ್ಲದ ಕಾಡಿನಲ್ಲಿ ಹಳೆಯ ಸೈಕಲ್ ಟೈರು ಸುಟ್ಟು ಆ ಬೆಳಕಿನಲ್ಲಿ ಕೆಲಸ. ಒಂದು ದಿನವಲ್ಲ, ಒಂದು ವರ್ಷವಲ್ಲ. ಹದಿನೇಳು ಹದಿನೆಂಟು ವರ್ಷ. ಒಂದನೇ ತರಗತಿಗೆ ಸೇರಿದ ಮಗು ಡಿಗ್ರಿ ಮುಗಿಸಿ ಹೊರಬರುವಷ್ಟು ಕಾಲ.

ಗೊಂಬೆ ಮಾಡುವ ಕ್ರಮವನ್ನು ಇಲ್ಲಿ ಹೇಳಲೇಬೇಕು. ಹುಡುಗರು ಮನೆಯಲ್ಲಿ ಪ್ರಯೋಗ ಮಾಡುವುದಾದರೆ ಸಿಮೆಂಟು ಮುಟ್ಟುವ ಕೆಲಸ ದೊಡ್ಡವರ ಕೈಯಲ್ಲಿ ಮಾಡಿಸಲಿ. ಮೊದಲು ಎಲುಬುಗೂಡು. ಸೈಕಲ್ಲಿನ ಚೌಕಟ್ಟೋ, ಪೈಪಿನ ತುಂಡೋ, ಕಬ್ಬಿಣದ ಸರಳೋ ಸಿಕ್ಕಿದ್ದನ್ನು ಬಗ್ಗಿಸಿ ನಿಲ್ಲಿಸುವುದು. ಅದರ ಮೇಲೆ ಸಿಮೆಂಟು ಮರಳಿನ ಗಾರೆ ಮೆತ್ತಿ ಮೈ ತುಂಬಿಸುವುದು. ಅದು ಬಿಗಿದ ಮೇಲೆ ನುಣುಪಾದ ಸಿಮೆಂಟಿನ ಮತ್ತೊಂದು ಲೇಪ. ಈ ಲೇಪ ಹಸಿಯಾಗಿರುವಾಗಲೇ ಬಳೆಚೂರನ್ನೋ ಪಿಂಗಾಣಿ ಚೂರನ್ನೋ ಒಂದೊಂದಾಗಿ ಒತ್ತಬೇಕು. ತಡವಾದರೆ ಚೂರು ಕೂರುವುದಿಲ್ಲ, ಅವಸರ ಮಾಡಿದರೆ ಜಾರುತ್ತದೆ. ಮನೆ ಕಟ್ಟುವ ಮೇಸ್ತ್ರಿಗಳಿಗೆ ಇದು ಚೆನ್ನಾಗಿ ಗೊತ್ತು. ಚೂರುಗಳನ್ನು ಒತ್ತೊತ್ತಾಗಿ ಸಾಲಾಗಿ ಕೂರಿಸುತ್ತ ಹೋದರೆ ಅದೇ ಲಂಗ, ಅದೇ ರವಿಕೆ, ಅದೇ ಪೇಟ. ಹಸಿರು ಬಳೆ ಹಾಕಿದ ಒಂದು ಸಾಲು ಹೆಂಗಸರು, ಕೆಂಪು ಬಳೆಯ ಇನ್ನೊಂದು ಸಾಲು, ಬಿಳಿ ಪಿಂಗಾಣಿಯ ಅಂಗಿ ತೊಟ್ಟ ಗಂಡಸರ ಒಂದು ದಂಡು.

ಮುಖಕ್ಕೆ ಮಾತ್ರ ಹೆಚ್ಚು ಕೆಲಸವಿಲ್ಲ. ಎರಡು ಕಣ್ಣು, ಒಂದು ಮೂಗು, ಒಂದು ಬಾಯಿ. ಮೈಸೂರು ದಸರೆಯ ಪಟ್ಟದ ಗೊಂಬೆಯ ನಯ ನಾಜೂಕು ಇಲ್ಲಿ ಹುಡುಕಬಾರದು. ಒಂದೊಂದನ್ನೇ ತೆಗೆದುಕೊಂಡರೆ ಕೆಲವು ಒರಟು, ಕೆಲವು ಸಾಧಾರಣ ಎಂದೇ ಹೇಳಬೇಕು. ಆದರೆ ಇವು ಒಂಟಿಯಾಗಿ ನಿಂತ ಗೊಂಬೆಗಳಲ್ಲ. ಐವತ್ತು ನೂರು ಒಟ್ಟಿಗೆ, ಒಂದೇ ಕಡೆ ಮುಖ ಮಾಡಿ, ನೋಡುವವರನ್ನೇ ನೋಡುತ್ತ ನಿಂತಿರುತ್ತವೆ. ಕೊಡ ಹೊತ್ತವರು, ವಾದ್ಯ ಬಾರಿಸುವವರು, ಮದುವೆ ದಿಬ್ಬಣಕ್ಕೆ ಬಂದಂತೆ ಕೈಕಟ್ಟಿ ನಿಂತವರು, ಕೋತಿಗಳು, ಕರಡಿಗಳು, ನವಿಲುಗಳು. ಒಂದು ಊರಿಗೆ ಊರೇ ಎದ್ದು ಬಂದು ಏನನ್ನೋ ಕಾಯುತ್ತಿದೆ ಎನಿಸುತ್ತದೆ. ಕೆಡವಿದ ಹಳ್ಳಿಗಳ ಬಳೆ, ಮಡಕೆಗಳೇ ಅವರ ಮೈಮೇಲೆ ಇವೆ ಎಂಬುದು ಗೊತ್ತಿದ್ದವರಿಗೆ ಆ ನೋಟವನ್ನು ತಪ್ಪಿಸಿಕೊಂಡು ಮುಂದೆ ಹೋಗುವುದು ಸುಲಭವಲ್ಲ.

ಗುಟ್ಟು 1975ರ ಹೊತ್ತಿಗೆ ಬಯಲಾಯಿತು. ಅಷ್ಟರಲ್ಲಿ ಕೊರಕಲು ತುಂಬ ಅಂಗಳಗಳು, ಗೋಡೆಗಳು, ಕಾಲುಹಾದಿಗಳು, ಸಾವಿರಾರು ಗೊಂಬೆಗಳು. ಅಧಿಕಾರಿಗಳಿಗೆ ಪೀಕಲಾಟಕ್ಕೆ ಬಂತು. ಕಾನೂನಿನ ಕಣ್ಣಿನಲ್ಲಿ ಇದು ಶುದ್ಧ ಒತ್ತುವರಿ. ಜಾಗ ಸರ್ಕಾರದ್ದು, ಕಟ್ಟಿದವರು ಸರ್ಕಾರಿ ನೌಕರ, ಅನುಮತಿಯ ಒಂದು ಕಾಗದವೂ ಇಲ್ಲ. ಕೆಡವಿಸಿ, ನೌಕರನ ಮೇಲೆ ಕ್ರಮ ಕೈಗೊಂಡು, ಕಡತ ಮುಚ್ಚಿದ್ದರೆ ಯಾರೂ ತಪ್ಪೆನ್ನುವಂತಿರಲಿಲ್ಲ. ಕಾರ್ಬೂಸಿಯೇ ನಕ್ಷೆಯಲ್ಲಿ ಇಲ್ಲದ್ದು ಊರಿನಲ್ಲಿ ಇರಬಾರದು ಎನ್ನುವ ವಾಸ್ತುಶಿಲ್ಪಿಗಳೂ ಇದ್ದರು. ಆ ಮಹಾಶಯರು 1965ರಲ್ಲೇ ತೀರಿಹೋಗಿದ್ದರು. ತಾವು ಕಟ್ಟಿದ ಹೈಕೋರ್ಟಿನ ಮಗ್ಗುಲಲ್ಲೇ ಇಂಥದ್ದೊಂದು ಬೆಳೆಯುತ್ತಿದೆಯೆಂದು ಅವರಿಗೆ ತಿಳಿಯಲೇ ಇಲ್ಲ.

ಆಗ ಇದರ ಪರ ನಿಂತವರಲ್ಲಿ ಮುಖ್ಯರು ಎಂ.ಎಸ್. ರಂಧಾವಾ. ಐಸಿಎಸ್ ಅಧಿಕಾರಿ, ಸಸ್ಯಶಾಸ್ತ್ರ ಓದಿದವರು. ಚಂಡೀಗಢದ ಬೀದಿಗಳಿಗೆ ಮರ ಆರಿಸಿದವರಲ್ಲಿ ಅವರೂ ಒಬ್ಬರು. ವಿಭಜನೆಯ ನಂತರ ಪಂಜಾಬಿನಲ್ಲಿ ನಿರಾಶ್ರಿತರಿಗೆ ನೆಲೆ ಒದಗಿಸುವ ಕೆಲಸವನ್ನೂ ನೋಡಿಕೊಂಡಿದ್ದವರು. ಇಂಥವರ ಕಣ್ಣಿಗೆ ಬಿದ್ದದ್ದು ನೇಕ್ ಚಂದರ ಪುಣ್ಯ. ಸುದ್ದಿ ಹರಡಿದಂತೆ ಊರಿನ ಜನ ತಂಡ ತಂಡವಾಗಿ ನೋಡಲು ಬಂದರು. ಜನ ಬಂದು ಮೆಚ್ಚಿದ ಮೇಲೆ ಕೆಡವುವ ಮಾತು ಕಷ್ಟವಾಯಿತು.

1976ರಲ್ಲಿ ರಾಕ್ ಗಾರ್ಡನ್ ಸಾರ್ವಜನಿಕರಿಗೆ ತೆರೆಯಿತು. ಶಿಕ್ಷೆಯಾಗಬೇಕಿದ್ದ ರೋಡ್ ಇನ್‌ಸ್ಪೆಕ್ಟರಿಗೆ ಬಡ್ತಿ ಸಿಕ್ಕಿತು! ‘ಸಬ್ ಡಿವಿಜನಲ್ ಎಂಜಿನಿಯರ್, ರಾಕ್ ಗಾರ್ಡನ್’ ಎಂಬ ಹುದ್ದೆ, ಸಂಬಳ, ಜೊತೆಗೆ ಐವತ್ತು ಮಂದಿ ಕೆಲಸಗಾರರು. ಊರಿನ ಕಸವನ್ನು ಅವರಿಗೆ ಮುಟ್ಟಿಸಲು ಅಲ್ಲಲ್ಲಿ ಸಂಗ್ರಹ ಕೇಂದ್ರಗಳನ್ನೂ ತೆರೆದರು. ಸರ್ಕಾರಿ ಕಡತಗಳ ಇತಿಹಾಸದಲ್ಲಿ ಇಂಥ ಆದೇಶ ಬಹಳ ಇರಲಾರದು.

ಹಾಗಾದರೆ ಕಾನೂನು ಮುರಿದರೂ ಸರಿಯೇ ಎಂದು ವಿದ್ಯಾರ್ಥಿಗಳು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಕಾಡು ಕಾಯುವ ನಿಯಮ ಕೆಟ್ಟ ನಿಯಮವೇನಲ್ಲ. ಇಂಥ ನಿಯಮ ಸಡಿಲಿದ ಕಡೆಗಳಲ್ಲೇ ಕೆರೆ, ಗುಡ್ಡ, ರಾಜಕಾಲುವೆಗಳು ಮನೆ ಸೈಟಾಗಿರುವುದು. ನೇಕ್ ಚಂದ್ ಆ ಜಾಗವನ್ನು ತಮ್ಮ ಹೆಸರಿಗೆ ಮಾಡಿಕೊಳ್ಳಲಿಲ್ಲ, ಅದರಿಂದ ಕಾಸು ಮಾಡಲಿಲ್ಲ. ಅಷ್ಟನ್ನೇ ಅವರ ಪರವಾಗಿ ಹೇಳಬಹುದು. ಬೆಂಗಳೂರಿನಲ್ಲಿ 2015ರಲ್ಲಿ ನಡೆದದ್ದು ಕೆಲವರಿಗೆ ನೆನಪಿರಬಹುದು. ಸುಲ್ತಾನ್‌ಪಾಳ್ಯದ ರಸ್ತೆಯ ದೊಡ್ಡದೊಂದು ಗುಂಡಿಗೆ ಮೈಸೂರಿನ ಕಲಾವಿದ ಬಾದಲ್ ನಂಜುಂಡಸ್ವಾಮಿ ಕೆರೆಯ ಬಣ್ಣ ಬಳಿದು ಮೊಸಳೆಯೊಂದನ್ನು ಬಿಟ್ಟಿದ್ದರು. ನಡುರಸ್ತೆಯಲ್ಲಿ ಮೊಸಳೆ ಬಿಡಲು ಅವರಿಗೂ ಯಾರೂ ಅನುಮತಿ ಕೊಟ್ಟಿರಲಿಲ್ಲ. ಪಾಲಿಕೆಯವರು ಬಂದು ಗುಂಡಿ ಮುಚ್ಚಿದರು, ಮೊಸಳೆ ಹೋಯಿತು. ಅಲ್ಲಿ ಕಲೆ ಅಳಿದದ್ದೇ ಕಲಾವಿದನ ಗೆಲುವು. ಚಂಡೀಗಢದ ಲೆಕ್ಕ ಬೇರೆ. ಅಲ್ಲಿ ಗೆಲ್ಲಬೇಕಾದರೆ ಉಳಿಯಬೇಕು. ಉಳಿಯುವುದು ಅಷ್ಟು ಸುಲಭವಾಗಲಿಲ್ಲ.

ಆ ವಿಷಯಕ್ಕೆ ಬರುವ ಮೊದಲು ಒಳಗೊಂದು ಸುತ್ತು ಹಾಕೋಣ. ಬಾಗಿಲುಗಳು ಗಿಡ್ಡ. ಎಷ್ಟೇ ದೊಡ್ಡ ಮನುಷ್ಯರಾದರೂ ತಲೆ ತಗ್ಗಿಸಿಯೇ ದಾಟಬೇಕು. ಮಕ್ಕಳು ಮಾತ್ರ ನೆಟ್ಟಗೆ ನಡೆದುಹೋಗುತ್ತಾರೆ. ಹಾದಿ ನೇರವಾಗಿಲ್ಲ, ತಿರುಗಿ, ಇಳಿದು, ಸಂದಿಯಲ್ಲಿ ನುಗ್ಗಿ, ಇನ್ನೇನು ಮುಗಿಯಿತು ಎನ್ನುವಾಗ ಇದ್ದಕ್ಕಿದ್ದಂತೆ ಅಂಗಳ. ಹೊರಗಿನ ಊರಿನಲ್ಲಿ ಕಣ್ಣು ಹಾಯಿಸಿದಷ್ಟು ದೂರ ರಸ್ತೆ ಕಾಣುತ್ತದೆ, ಇಲ್ಲಿ ಹತ್ತು ಹೆಜ್ಜೆ ಮುಂದೆ ಏನಿದೆಯೋ ತಿಳಿಯದು. ಗೋಡೆಗಳನ್ನೂ ನೋಡಬೇಕು. ಗೋಣಿಚೀಲದಲ್ಲಿ ತುಂಬಿದ ಕಾಂಕ್ರೀಟು ಗಟ್ಟಿಯಾಗಿ, ಚೀಲದ ನೇಯ್ಗೆ ಅಚ್ಚೊತ್ತಿ ನಿಂತ ಗೋಡೆ. ಡ್ರಮ್ಮುಗಳನ್ನು ಪೇರಿಸಿದ ಗೋಡೆ. ವಿದ್ಯುತ್ ಬಿಲ್ಲೆಗಳನ್ನು ನೂರಾರು ಲೆಕ್ಕದಲ್ಲಿ ಕೂರಿಸಿದ ಗೋಡೆ. ಆಮೇಲೆ ಜಲಪಾತ, ಸೇತುವೆ. ಕೊನೆಯ ಭಾಗದಲ್ಲಿ ಎತ್ತರದ ಕಮಾನುಗಳ ಸಾಲು, ಪ್ರತಿ ಕಮಾನಿನಲ್ಲೂ ಒಂದು ಉಯ್ಯಾಲೆ. ಅಲ್ಲಿ ಮಕ್ಕಳಿಗಿಂತ ಅಜ್ಜಿಯರ ಸರದಿಯೇ ಉದ್ದ ಇರುತ್ತದೆ ಎಂದರೂ ನಡೆದೀತು.

ಮನ್ನಣೆಗೆ ಕೊರತೆಯಾಗಲಿಲ್ಲ. 1983ರಲ್ಲಿ ರಾಕ್ ಗಾರ್ಡನ್ ಅಂಚೆಚೀಟಿಯ ಮೇಲೆ ಬಂತು. 1984ರಲ್ಲಿ ನೇಕ್ ಚಂದರಿಗೆ ಪದ್ಮಶ್ರೀ. 1986ರಲ್ಲಿ ಅಮೆರಿಕದ ವಾಷಿಂಗ್ಟನ್ನಿನ ಮಕ್ಕಳ ಮ್ಯೂಸಿಯಮ್ಮಿನಲ್ಲಿ ಅವರ ಗೊಂಬೆಗಳ ತೋಟವೊಂದು ತೆರೆಯಿತು. ಮ್ಯೂಸಿಯಂ ಜಾಗ ಬದಲಿಸುವಾಗ 2004ರಲ್ಲಿ ಅದನ್ನು ಕಳಚಿದರು, ಗೊಂಬೆಗಳು ಬೇರೆ ಬೇರೆ ಮ್ಯೂಸಿಯಂ ಸೇರಿದವು. ಕೇರಳದ ಪಾಲಕ್ಕಾಡಿನ ಬಳಿ ಮಲಂಪುಳದಲ್ಲಿ ಅವರು ಮಾಡಿದ ಇನ್ನೊಂದು ಉದ್ಯಾನವಿದೆ. ಇತ್ತ ಚಂಡೀಗಢದ ಸರ್ಕಾರಿ ಕಲೆಯ ಕಥೆ ನೋಡಿ. ಕಾರ್ಬೂಸಿಯೇ ಊರಿನ ಲಾಂಛನವಾಗಲೆಂದು ‘ತೆರೆದ ಹಸ್ತ’ ಎಂಬ ಲೋಹದ ಶಿಲ್ಪವನ್ನು ಐವತ್ತರ ದಶಕದಲ್ಲೇ ಯೋಜಿಸಿದ್ದರು. ಸುಮಾರು 26 ಮೀಟರ್ ಎತ್ತರ, ಗಾಳಿ ಬೀಸಿದತ್ತ ತಿರುಗುವ ಹಸ್ತ. ನಕ್ಷೆ ಇದ್ದೂ ಅದು ಮೇಲೆದ್ದದ್ದು 1985ರಲ್ಲಿ. ಅನುಮತಿಯೇ ಇಲ್ಲದ್ದು ಅದಕ್ಕಿಂತ ಒಂಬತ್ತು ವರ್ಷ ಮೊದಲೇ ಬಾಗಿಲು ತೆರೆದಾಗಿತ್ತು.

‘ರಾಕ್ ಗಾರ್ಡನ್’ ಎಂದ ಕೂಡಲೇ ನಮ್ಮ ಕಡೆಯ ಹುಡುಗರಿಗೆ ನೆನಪಾಗುವುದು ಹಾವೇರಿ ಜಿಲ್ಲೆಯ ಶಿಗ್ಗಾವಿ ಹತ್ತಿರ, ಗೊಟಗೋಡಿಯಲ್ಲಿ ಹೆದ್ದಾರಿ ಬದಿಗೇ ಇರುವ ಉತ್ಸವ ರಾಕ್ ಗಾರ್ಡನ್. ಶಾಲೆಯ ಪ್ರವಾಸದಲ್ಲಿ ಅನೇಕರು ಹೋಗಿರುತ್ತಾರೆ. ಹೆಸರು ಒಂದೇ, ಹಾದಿ ಬೇರೆ. ಅಲ್ಲಿ ಕಲಾವಿದ ಟಿ.ಬಿ. ಸೊಲಬಕ್ಕನವರ ಮತ್ತು ಅವರ ತಂಡದವರು ಉತ್ತರ ಕರ್ನಾಟಕದ ಹಳ್ಳಿಯ ಬದುಕನ್ನು ಆಳೆತ್ತರದ ಸಿಮೆಂಟು ಶಿಲ್ಪಗಳಲ್ಲಿ ನಿಲ್ಲಿಸಿದರು. ಎಮ್ಮೆ ಹಿಂಡುವವಳ ಸೆರಗಿನ ಮಡಿಕೆಯೂ ನಿಜವೆನಿಸುತ್ತದೆ. ಅದು ಕಲಿತ ಕೈಯ ಕೆಲಸ, ಇದ್ದುದು ಇದ್ದಂತೆ. ಚಂಡೀಗಢದ್ದು ಕಲೆಯ ಶಾಲೆಯ ಮೆಟ್ಟಿಲು ಹತ್ತದ ಕೈಯ ಕೆಲಸ. ಆದರೆ ಎರಡೂ ಕಡೆ ಕಣ್ಮರೆಯಾಗುತ್ತಿರುವ ಹಳ್ಳಿಯೇ ಸಿಮೆಂಟಾಗಿ ನಿಂತಿದೆ ಎಂಬುದು ಗಮನಿಸಬೇಕಾದ ಸಂಗತಿ. ಎರಡನ್ನೂ ನೋಡುವ ಅವಕಾಶ ಸಿಕ್ಕರೆ ಬಿಡಬೇಡಿ.

ಇನ್ನು ಉಳಿಯುವ ಪಾಡು. ರಾಕ್ ಗಾರ್ಡನ್ನಿನ ಕಷ್ಟವೆಂದರೆ ಅದರ ನೆರೆಹೊರೆ. ಒಂದು ಕಡೆ ಹೈಕೋರ್ಟು, ಸುತ್ತಲೂ ದೊಡ್ಡವರು ಓಡಾಡುವ ದಾರಿ. ವಕೀಲರು, ಕಕ್ಷಿದಾರರು, ಕಾರುಗಳು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತ ಹೋದವು. ಕಾರು ನಿಲ್ಲಿಸಲು ಜಾಗವೆಲ್ಲಿ? ಎಂಬತ್ತರ ದಶಕದ ಕೊನೆಗೆ ಈ ತಕರಾರು ಕೋರ್ಟಿಗೂ ಹೋಗಿ, ತೀರ್ಪು ಉದ್ಯಾನದ ಕಡೆಗೇ ಆಯಿತು. 1990ರಲ್ಲಿ ಗಣ್ಯರ ವಾಹನಗಳಿಗೆ ರಸ್ತೆ ಮಾಡಲೆಂದು ಬುಲ್ಡೋಜರುಗಳು ಬಂದವು. ಆಗ ಊರಿನ ಜನ ಕೈಕೈ ಹಿಡಿದು ಬುಲ್ಡೋಜರುಗಳ ಮುಂದೆ ಸಾಲಾಗಿ ನಿಂತರು. ಒಳಗೆ ಸಾಲಾಗಿ ನಿಂತಿದ್ದ ಬಳೆಯ ಗೊಂಬೆಗಳ ಹಾಗೆಯೇ. ಯಂತ್ರಗಳು ಹಿಂದೆ ಸರಿದವು.

1996ರಲ್ಲಿ ಬೇರೆ ತರಹದ ಪೆಟ್ಟು. ನೇಕ್ ಚಂದ್ ವಿದೇಶ ಪ್ರವಾಸದಲ್ಲಿದ್ದಾಗ, ಆಡಳಿತವು ಸಿಬ್ಬಂದಿಯನ್ನು ಹಿಂದಕ್ಕೆ ಕರೆಸಿಕೊಂಡಿದ್ದ ಸಮಯದಲ್ಲಿ, ಯಾರೋ ಒಳನುಗ್ಗಿ ಅನೇಕ ಗೊಂಬೆಗಳನ್ನು ಒಡೆದುಹಾಕಿದರು. ಎಪ್ಪತ್ತು ದಾಟಿದ್ದ ಮನುಷ್ಯ ಹಿಂತಿರುಗಿ ಬಂದು ತಮ್ಮ ಚೂರುಗಳನ್ನು ತಾವೇ ನೋಡಬೇಕಾಯಿತು. ಮರುವರ್ಷ, 1997ರಲ್ಲಿ, ಇಂಗ್ಲೆಂಡಿನ ಅಭಿಮಾನಿಗಳು ಅವರ ಹೆಸರಿನಲ್ಲಿ ಪ್ರತಿಷ್ಠಾನವೊಂದನ್ನು ಕಟ್ಟಿದರು. ಹೊರದೇಶಗಳಿಂದ ಸ್ವಯಂಸೇವಕರು ಬಂದು ದುರಸ್ತಿಗೆ ಕೈ ಹಾಕಿದರು. ಸಿಮೆಂಟು, ಕಬ್ಬಿಣಗಳ ಸ್ವಭಾವವೇ ಹಾಗೆ. ನೀರು ಒಳಗಿಳಿದರೆ ಕಬ್ಬಿಣ ತುಕ್ಕು ಹಿಡಿದು ಉಬ್ಬುತ್ತದೆ, ಮೇಲಿನ ಗಾರೆ ಸೀಳುತ್ತದೆ, ಚೂರುಗಳು ಉದುರುತ್ತವೆ. ಇಂಥ ಉದ್ಯಾನವನ್ನು ಕಟ್ಟಿ ಮುಗಿಸಿದೆವು ಎನ್ನುವ ದಿನ ಬರುವುದೇ ಇಲ್ಲ. ಮಳೆಗಾಲ ಕಳೆದ ಮೇಲೆ ಪ್ರತಿ ಸಲವೂ ಯಾರಾದರೂ ಗಾರೆ ಕಲೆಸಿಕೊಂಡು ಹೋಗಲೇಬೇಕು. ಸಾಲದ್ದಕ್ಕೆ, ಗೊಂಬೆಯ ಮೈಯಿಂದ ಒಂದು ಬಳೆಚೂರು ಕಿತ್ತು ಜೇಬಿಗೆ ಹಾಕಿಕೊಳ್ಳುವ ಪ್ರವಾಸಿಗಳು ಬೇರೆ. ನೇಕ್ ಚಂದ್ ಹೆಕ್ಕಿ ತಂದದ್ದನ್ನು ಇವರು ಮತ್ತೆ ಹೆಕ್ಕಿಕೊಂಡು ಹೋಗುವುದು!

2015ರ ಜೂನ್ 12ರಂದು, ತೊಂಬತ್ತರ ವಯಸ್ಸಿನಲ್ಲಿ, ನೇಕ್ ಚಂದ್ ತೀರಿಕೊಂಡರು. ಮರುವರ್ಷ, 2016ರಲ್ಲಿ, ಪಕ್ಕದಲ್ಲೇ ಇರುವ ಕಾರ್ಬೂಸಿಯೇ ಅವರ ಕಟ್ಟಡಗಳ ಸಮುಚ್ಚಯಕ್ಕೆ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟ ಸಿಕ್ಕಿತು. ಹೈಕೋರ್ಟ್ ಕಟ್ಟಡ ಅದರೊಳಗೆ ಸೇರಿದೆ, ರಾಕ್ ಗಾರ್ಡನ್ ಸೇರಿಲ್ಲ. ಹೀಗಾಗಿ ಒಂದು ಗೋಡೆಯ ಆಚೆ ಇರುವುದನ್ನು ಮುಟ್ಟಲು ಜಗತ್ತನ್ನೇ ಕೇಳಬೇಕು, ಈಚೆ ಇರುವುದನ್ನು ಕಾಯುವುದು ಸ್ಥಳೀಯ ಆಡಳಿತದ ಮನಸ್ಸಿಗೆ ಬಿಟ್ಟದ್ದು ಎಂಬಂತಾಯಿತು.

2025ರ ಆರಂಭದಲ್ಲಿ ಅದೇ ಹಳೆಯ ವಿಷಯ ಮತ್ತೆ ಬಂತು: ಹೈಕೋರ್ಟಿನ ಬಳಿ ವಾಹನ ದಟ್ಟಣೆ, ಕಾರು ನಿಲ್ಲಿಸಲು ಇಕ್ಕಟ್ಟು, ರಸ್ತೆ ಅಗಲವಾಗಬೇಕು. ಅದಕ್ಕಾಗಿ ಉದ್ಯಾನದ ಗೋಡೆಯ ಒಂದು ಭಾಗವನ್ನು ಕೆಡವಲು ಯಂತ್ರಗಳು ಬಂದವು. ಊರಿನವರು, ಕಲಾವಿದರು, ವಿದ್ಯಾರ್ಥಿಗಳು ಈ ಬಾರಿಯೂ ಗೋಡೆಯ ಬಳಿ ಸೇರಿ ಪ್ರತಿಭಟಿಸಿದರು. ಯಂತ್ರಗಳು ಈ ಬಾರಿ ಹಿಂದೆ ಸರಿಯಲಿಲ್ಲ. ಗೋಡೆಯ ಆ ಭಾಗ ಬಿತ್ತು.